ಹೊತ್ತು ಮುಳುಗುವ ಮುಂಚೆ ಇಳಿಯುವವಳು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಅವಳು ಇದನ್ನು ಓದುತ್ತಾಳೆ. ಓದಿದ ಮೇಲೆ ಫೋನ್ ಮಾಡಿ, "ಅತ್ತೆ, ಅದು ಹಂಗಲ್ಲ" ಅನ್ನುತ್ತಾಳೆ. ತಾನು ಪೈಲಟ್ ಆಗಬೇಕು ಎಂದು ಅವಳು ಮೊದಲು ಹೇಳಿದ್ದು ಸಾಗರದ ನಮ್ಮ ಮನೆಯ ತಾರಸಿಯಲ್ಲಿ, ಹಪ್ಪಳ ಒಣಗಿಸುವಾಗ ಎಂದು ನನ್ನ ನೆನಪು. ಅಲ್ಲ, ಅಪ್ಪನ ಪಾತ್ರೆ ಅಂಗಡಿಯಲ್ಲಿ, ನಾನು ಇಡ್ಲಿ ತಟ್ಟೆ ಕೊಳ್ಳಲು ಹೋದಾಗ ಎಂದು ಅವಳ ವಾದ. ನಾನು ದಿನಚರಿ ಬರೆಯುವವಳು. ಆ ತಿಂಗಳ ಪುಟಗಳನ್ನು ತೆಗೆದು ನೋಡಿದೆ. ಗ್ಯಾಸ್ ಸಿಲಿಂಡರ್ ಬಂದದ್ದು, ಕಾಲೇಜಿನ ಕಿರುಪರೀಕ್ಷೆ ಮುಂದೆ ಹೋದದ್ದು, ನನ್ನ ಹಲ್ಲುನೋವು, ಎಲ್ಲ ಇವೆ. ಅವಳ ಮಾತು ಮಾತ್ರ ಇಲ್ಲ. ಅಂದರೆ ಆ ದಿನ ನನಗೆ ಅದು ಬರೆದಿಡುವಂಥ ಮಾತು ಅನ್ನಿಸಿರಲಿಲ್ಲ. ಹಪ್ಪಳವನ್ನು ನೆನಪು ಆಮೇಲೆ ತಾನಾಗಿಯೇ ತಂದು ಹರವಿತೋ ಏನೋ.

ಹೆಸರು ಬರೆಯುವುದಿಲ್ಲ. ಬೇಡ ಅಂದಿದ್ದಾಳೆ. "ಜೊತೆಯವ್ರು ಓದಿದ್ರೆ ವರ್ಷಗಟ್ಲೆ ಕಾಲೆಳೀತಾರೆ ಅತ್ತೆ" ಅಂದಳು. ಅವರಿಗೆ ಕನ್ನಡ ಬರುವುದಿಲ್ಲವಲ್ಲ ಎಂದರೆ, "ಯಾರಿಗೋ ಒಬ್ರಿಗೆ ಬರ್ತದೆ. ಯಾವಾಗ್ಲೂ ಬರ್ತದೆ" ಎಂದಳು. ಅವಳ ಸ್ವಭಾವ ಅರ್ಧ ಈ ಉತ್ತರದಲ್ಲೇ ಇದೆ. ಕೆಟ್ಟದ್ದು ಆಗಿಯೇ ತೀರುತ್ತದೆ ಎಂದು ಹೆದರುವವಳಲ್ಲ. ಆಗಬಹುದಾದದ್ದಕ್ಕೆಲ್ಲ ಒಂದು ಜಾಗ ಬಿಟ್ಟುಕೊಂಡು ನಡೆಯುವವಳು.

ಅವಳು ನನ್ನ ದೊಡ್ಡಮ್ಮನ ಮೊಮ್ಮಗಳು. ದೊಡ್ಡಮ್ಮನ ಮಗನನ್ನು ನಾನು ಅಣ್ಣ ಎನ್ನುತ್ತೇನೆ. ಸಾಗರದ ಪೇಟೆಯಲ್ಲಿ ಪಾತ್ರೆ ಅಂಗಡಿ ಅವನದು. ನಾನು ಅದೇ ಊರಿನಲ್ಲಿ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಕಲಿಸುತ್ತೇನೆ. ನಾವು ಜೈನರು. ಆಚಾರದಲ್ಲಿ ನಮ್ಮ ಮನೆ ಸಡಿಲ, ಅವರದು ಬಿಗಿ. ದೊಡ್ಡಮ್ಮನ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಯಾರೂ ಉಣ್ಣುವುದಿಲ್ಲ. ಸಂಜೆ ಅಂಗಡಿಗೆ ಹೋದವರು ಶಟರ್ ಅರ್ಧ ಇಳಿದಿರುವುದನ್ನು ನೋಡಿದರೆ ಹೊರಗೇ ನಿಲ್ಲುತ್ತಾರೆ. ಒಳಗೆ ಅಣ್ಣ ಸ್ಟೀಲ್ ಕೊಡಪಾನಗಳ ನಡುವೆ ಕೂತು ಮನೆಯಿಂದ ಬಂದ ಡಬ್ಬಿ ಬಿಚ್ಚಿರುತ್ತಾನೆ. ಅವನು ಕೈ ತೊಳೆದು ಶಟರ್ ಎತ್ತುವ ಹೊತ್ತಿಗೆ ಬೀದಿದೀಪ ಹತ್ತುತ್ತದೆ. ಇದು ಪೇಟೆಗೆಲ್ಲ ಗೊತ್ತು.

ಅವಳು ಆ ನಿಯಮವನ್ನು ತಾನಾಗಿ ತೊಟ್ಟದ್ದು ಎಂಟೋ ಒಂಬತ್ತೋ ವಯಸ್ಸಿನಲ್ಲಿ. ಹೊಸನಗರದ ಕಡೆ ದೊಡ್ಡಮ್ಮನ ತವರೂರಿನ ಬಸದಿಗೆ ಮುನಿಗಳು ಬಂದಿದ್ದರು. ಮಕ್ಕಳನ್ನೆಲ್ಲ ಸಾಲಾಗಿ ಕೂರಿಸಿ, ಒಂದೊಂದು ಸಣ್ಣ ನಿಯಮ ತಗೊಳ್ಳಿ ಎಂದರು. ಒಬ್ಬ ಹುಡುಗ ಚಾಕೊಲೇಟ್ ಬಿಟ್ಟ, ಒಬ್ಬಳು ಆಲೂಗಡ್ಡೆ ಬಿಟ್ಟಳು, ಎಲ್ಲ ಒಂದು ವರ್ಷದ ಮಟ್ಟಿಗೆ. ಇವಳು ಎದ್ದು ನಿಂತು, "ರಾತ್ರಿ ಊಟ" ಎಂದಳು. ಎಷ್ಟು ದಿನ ಎಂದು ಕೇಳಿದರು. "ಯಾವಾಗ್ಲೂ." ಹಿಂದಿನಿಂದ ಅಣ್ಣ, "ಒಂದ್ ವರ್ಷ ಅನ್ನೇ ಸಾಕು" ಎಂದು ಪಿಸುಗುಟ್ಟಿದ. ಅವಳು ತಿರುಗಿಯೂ ನೋಡಲಿಲ್ಲ. ದೊಡ್ಡಮ್ಮನ ಮುಖ ಅರಳಿದ್ದು ಮಾತ್ರ ನನಗೆ ಸ್ಪಷ್ಟವಾಗಿ ನೆನಪಿದೆ. ಆದರೆ ನಾನು ಆ ದಿನ ಅಲ್ಲಿದ್ದೆನೋ, ಅಥವಾ ಅವರ ನಡುಮನೆಯಲ್ಲಿ ತೂಗುಹಾಕಿದ ಫೋಟೋದಿಂದ ಈ ಚಿತ್ರವನ್ನು ಕಟ್ಟಿಕೊಂಡೆನೋ, ಖಂಡಿತವಾಗಿ ಹೇಳಲಾರೆ.

ಅಂದಿನಿಂದ ಅವಳಿಗೆ ಸಂಜೆಯ ಮೇಲೆ ಒಂದು ಕಣ್ಣು. ಬೀದಿಯಲ್ಲಿ ಆಡುತ್ತಿದ್ದ ಮಕ್ಕಳಲ್ಲಿ ಇವಳೊಬ್ಬಳೇ ಇದ್ದಕ್ಕಿದ್ದಂತೆ ಬ್ಯಾಟು ಕೆಳಗಿಟ್ಟು, "ನಂಗೆ ಹೊತ್ತಾಯ್ತು" ಎಂದು ಓಡುತ್ತಿದ್ದಳು. ಮೋಡ ಮುಚ್ಚಿ ಸೂರ್ಯ ಕಾಣದ ದಿನವೂ ಸರಿಯಾಗಿ ಓಡುತ್ತಿದ್ದಳು. ಔಟಾಗುವ ಹೊತ್ತಿಗೆ ಇವಳಿಗೆ ಹೊತ್ತಾಗುತ್ತದೆ ಎಂದು ಮಕ್ಕಳು ಗೇಲಿ ಮಾಡುತ್ತಿದ್ದರು.

ಬಿ.ಕಾಂ. ಓದಿದ್ದು ತೀರ್ಥಹಳ್ಳಿಯಲ್ಲಿ, ಸೋದರಮಾವನ ಮನೆಯಲ್ಲಿದ್ದುಕೊಂಡು. ಅಂಗಡಿಯ ವ್ಯವಹಾರ ನೋಡಿಕೊಳ್ಳಲಿ ಎಂದು ಅಣ್ಣನ ಆಸೆ. ಅದು ಮುಗಿದ ಮೇಲೆಯೇ ಪೈಲಟ್ ಆಗುವ ಮಾತು ಹೊರಬಂದದ್ದು, ತಾರಸಿಯಲ್ಲೋ ಅಂಗಡಿಯಲ್ಲೋ. ಅದಕ್ಕೆ ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಆಗಿರಬೇಕು. ಇವಳ ಬಳಿ ಎರಡೂ ಇರಲಿಲ್ಲ. ಮುಕ್ತ ಶಾಲೆಯ ಪರೀಕ್ಷೆಗೆ ಕೂತು ಅವೆರಡನ್ನು ಮಾತ್ರ ಕಟ್ಟಬಹುದೆಂದು ಅವಳೇ ಪತ್ತೆ ಮಾಡಿಕೊಂಡು ನನ್ನ ಹತ್ತಿರ ಬಂದಳು. ಪದವಿ ಮುಗಿಸಿದ ಹುಡುಗಿ, ತನಗಿಂತ ನಾಲ್ಕೈದು ವರ್ಷ ಚಿಕ್ಕವರ ಪಠ್ಯಪುಸ್ತಕ ಹಿಡಿದು, ನಮ್ಮ ಊಟದ ಮೇಜಿನ ಎದುರು ಒಂದು ವರ್ಷ ಕೂತಳು.

ಒಳ್ಳೆಯ ವಿದ್ಯಾರ್ಥಿನಿ ಎಂದರೆ ತಪ್ಪಾದೀತು. ನಿಧಾನ. ಒಂದು ಲೆಕ್ಕ ಮಾಡಿ, ಉತ್ತರ ಸರಿ ಬಂದ ಮೇಲೂ ಮೊದಲಿಂದ ಇನ್ನೊಮ್ಮೆ ಮಾಡುತ್ತಿದ್ದಳು. ಸರಿಯಾಗಿದೆಯಲ್ಲ ಎಂದರೆ, "ಒಂದ್ಸಲ ನೋಡ್ದೆ ಅತ್ತೆ. ಇನ್ನೊಂದ್ಸಲ ನೋಡ್ತೀನಿ" ಅನ್ನುವಳು. ಮನೆಗೆ ಹೊರಡುವಾಗ ಕೂಡ ಪುಸ್ತಕ, ಪೆನ್ನು, ಗಾಡಿಯ ಕೀಲಿ, ಫೋನು ಎಂದು ಒಂದೊಂದನ್ನೂ ಬೆರಳಲ್ಲಿ ಮುಟ್ಟಿ ಬಾಯಲ್ಲಿ ಹೇಳಿ ಚೀಲಕ್ಕೆ ಹಾಕುವಳು. ನನ್ನ ಗಂಡ, "ಇದೇನು ಮಾರಾಯ್ತಿ, ಮಂಗಳಾರತಿಯಾ?" ಎಂದು ನಗುತ್ತಿದ್ದರು. ವಿಮಾನ ಹೊರಡುವ ಮುಂಚೆ ಪೈಲಟ್‌ಗಳು ಹೀಗೆಯೇ ಒಂದೊಂದನ್ನೂ ಮುಟ್ಟಿ, ಜೋರಾಗಿ ಹೇಳಿ ನೋಡಬೇಕೆಂಬುದು ನಮಗಾರಿಗೂ ಆಗ ಗೊತ್ತಿರಲಿಲ್ಲ. ಅವಳಿಗೂ ಗೊತ್ತಿರಲಿಲ್ಲ ಎಂದೇ ಕಾಣುತ್ತದೆ.

ಸದಿಶಗಳ ಪಾಠದಲ್ಲಿ ಅವಳು ಸಿಕ್ಕಿಬಿದ್ದಳು. ಎರಡು ಬಾಣ ಕೂಡಿಸಿದರೆ ಮೂರನೆಯ ಬಾಣ ಹೇಗೆ ಬರುತ್ತದೆ ಎಂಬುದು ವಾರವಾದರೂ ತಲೆಗೆ ಹೋಗಲಿಲ್ಲ. ಕೊನೆಗೆ ಒಂದು ದಿನ ಪೆನ್ಸಿಲ್ ಕೆಳಗಿಟ್ಟು, "ಅತ್ತೆ, ಇದು ಲಾಂಚಿನ ಲೆಕ್ಕ!" ಎಂದು ಕೂಗಿದಳು. ಸಣ್ಣವಳಿದ್ದಾಗ ಹೊಳೆಬಾಗಿಲಿನಲ್ಲಿ ಲಾಂಚ್ ಹತ್ತಿ ಹಿನ್ನೀರು ದಾಟುವಾಗ ಚಾಲಕರ ಪಕ್ಕ ನಿಲ್ಲುತ್ತಿದ್ದಳಂತೆ. ಅವರು ಲಾಂಚಿನ ಮೂತಿಯನ್ನು ಆಚೆ ದಡದ ಇಳಿಯುವ ಜಾಗಕ್ಕೆ ಹಿಡಿಯದೆ ಬೇರೆ ಕಡೆಗೆ ಹಿಡಿದಿದ್ದನ್ನು ನೋಡಿ ದಾರಿ ತಪ್ಪಿತೆಂದು ಅಳು ಬಂದಿತ್ತಂತೆ. "ತಪ್ಪಿಲ್ಲ ಪುಟ್ಟೀ, ಗಾಳಿ ತಳ್ತದೆ. ನೇರ ಹಿಡಿದ್ರೆ ಅಲ್ಲೆಲ್ಲೋ ಕಾಡಿಗೆ ಹೋಗಿ ನಿಲ್ತೀವಿ" ಎಂದಿದ್ದರು ಅವರು. ಈಗ ಅಲ್ಲಿ ಸೇತುವೆಯಾಗಿದೆ. ಆದರೆ ನಾನು ಈಗಲೂ ತರಗತಿಯಲ್ಲಿ ಸದಿಶ ಬಂದಾಗ ಬೋರ್ಡಿನ ಮೇಲೆ ಲಾಂಚನ್ನೇ ಬರೆಯುತ್ತೇನೆ. ವಿಮಾನವನ್ನು ಅಡ್ಡಗಾಳಿಯಲ್ಲಿ ಇಳಿಸುವುದೂ ಅದೇ ಲೆಕ್ಕ ಎಂದು ಆಮೇಲೆ ಅವಳು ಹೇಳಿದಳು.

ಇನ್ನೊಂದು ವಿಷಯ ಬರೆದರೆ ಸಿಟ್ಟಾಗುತ್ತಾಳೆ, ಆದರೂ ಬರೆಯುತ್ತೇನೆ. ಅವಳಿಗೆ ಎತ್ತರವೆಂದರೆ ಭಯ. ನಮ್ಮ ತಾರಸಿಯ ಅಂಚಿಗೆ ಬರುವುದಿಲ್ಲ. ಜೋಗಕ್ಕೆ ಹೋದಾಗ ಎಲ್ಲರೂ ಕಂಬಿಗೆ ಒರಗಿ ಫೋಟೋ ತೆಗೆಸಿಕೊಂಡರೆ ಇವಳು ಕಡಲೆಕಾಯಿ ಮಾರುವವರ ಪಕ್ಕ ನಿಂತಿದ್ದಳು. ನೀನು ವಿಮಾನ ಹಾರಿಸುವುದು ಹೇಗೆ ಎಂದು ಕೇಳಿದೆ. "ವಿಮಾನಕ್ಕೆ ಅಂಚಿಲ್ಲ ಅತ್ತೆ" ಎಂದಳು.

ಪರೀಕ್ಷೆಯೇನೋ ಪಾಸಾಯಿತು. ಮುಂದಿನದು ವೈದ್ಯಕೀಯ ತಪಾಸಣೆ. ಕಣ್ಣು, ಕಿವಿ, ಹೃದಯ, ರಕ್ತ ಎಲ್ಲ ಸರಿಯಿದ್ದರೆ ಮಾತ್ರ ದಾರಿ. ಇಲ್ಲದಿದ್ದರೆ ಉಳಿದದ್ದೆಲ್ಲ ಅಲ್ಲಿಗೇ ನಿಂತಂತೆ. ಬೆಂಗಳೂರಿಗೆ ಹೋಗಬೇಕಿತ್ತು. ಅವಳಿಗೆ ಸಿಕ್ಕಿದ ದಿನ ಅನಂತನ ನೋಂಪಿಯ ಮಾರನೆಯ ದಿನ. ಈ ನೋಂಪಿ ಭಾದ್ರಪದದಲ್ಲಿ ಬರುವ ಉಪವಾಸದ ವ್ರತ. ಹಿಡಿದರೆ ಹದಿನಾಲ್ಕು ವರ್ಷ ಬಿಡದೆ ನಡೆಸಬೇಕು. ಅವಳು ಅಜ್ಜಿಯ ಜೊತೆ ಅದನ್ನು ಹಿಡಿದು ಆಗಲೇ ಕೆಲವು ವರ್ಷಗಳಾಗಿದ್ದವು. ಹಗಲಿಡೀ ನೀರು ಮಾತ್ರ ಕುಡಿದು ಬಸದಿಯಲ್ಲಿ ಪೂಜೆ ಮುಗಿಸಿ, ಸಂಜೆ ಬೆಂಗಳೂರಿನ ಬಸ್ಸು ಹತ್ತಿದಳು. ಬೆಳಿಗ್ಗೆ ಪಾರಣೆ ಮಾಡಬೇಕು, ಅಂದರೆ ಉಪವಾಸ ಮುರಿಯಬೇಕು. ಆದರೆ ರಕ್ತ ಕೊಡಲು ಖಾಲಿ ಹೊಟ್ಟೆಯಲ್ಲಿ ಬರಬೇಕೆಂದು ಹೇಳಿದ್ದರು. ಹಾಗೆಯೇ ಹೋದಳು.

ಎರಡು ದಿನದ ಮೇಲೆ ನಮ್ಮ ಮನೆಯ ಬಾಗಿಲಲ್ಲಿ ನಿಂತು, "ಅನ್‌ಫಿಟ್ ಅಂತೆ ಅತ್ತೆ" ಎಂದಳು. ತಾತ್ಕಾಲಿಕವಾಗಿ, ಕೆಲವು ತಿಂಗಳು ಬಿಟ್ಟು ಇನ್ನಷ್ಟು ಪರೀಕ್ಷೆ ಮಾಡಿಸಿಕೊಂಡು ಬರಬೇಕು. ಮೂತ್ರದಲ್ಲಿ ಇರಬಾರದ್ದು ಏನೋ ಇತ್ತು. ಎದ್ದು ನಿಂತಾಗ ರಕ್ತದೊತ್ತಡವೂ ಇಳಿದಿತ್ತು. ಮನೆಯಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ ಇದೆಯಾ ಎಂದು ವೈದ್ಯರು ಕೇಳಿದರು, ಅಜ್ಜನಿಗಿತ್ತು ಎಂದಳು. ಹಾಗಾದರೆ ನೋಡಬೇಕು ಎಂದರು. ಅವಳು ತನಗೂ ಸಕ್ಕರೆ ಕಾಯಿಲೆಯೇ ಬಂದಿದೆ ಎಂದು ತೀರ್ಮಾನಿಸಿಕೊಂಡು ಬಂದಿದ್ದಳು. ಆ ವಾರ ಅಂಗಡಿಯಲ್ಲಿ ಅಪ್ಪನ ಪಕ್ಕ ಕೂತು ಚಮಚಗಳನ್ನು ಡಜನ್ ಲೆಕ್ಕದಲ್ಲಿ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿದಳು. ಕಟ್ಟಿದ್ದನ್ನು ಬಿಚ್ಚಿ ಮತ್ತೆ ಎಣಿಸಿದಳು.

ವಿಷಯ ತಿಳಿಯಾದದ್ದು ದೊಡ್ಡಮ್ಮನಿಂದ. ಮಧ್ಯಾಹ್ನ ಎಲ್ಲರೂ ಜಗಲಿಯಲ್ಲಿ ಕೂತಿದ್ದೆವು. ದೊಡ್ಡಮ್ಮ ಅವಲಕ್ಕಿ ಕೇರುತ್ತಾ ಏನೋ ನೆನೆಸಿಕೊಂಡು ಕೇಳಿದರು.

"ಅಲ್ಲ ಕಣೆ, ನೀನು ಪಾರಣೆ ಎಲ್ಲಿ ಮಾಡ್ದೆ?"

"ಮಾಡ್ಲಿಲ್ಲ ಅಜ್ಜಿ. ಖಾಲಿ ಹೊಟ್ಟೇಲಿ ಬಾ ಅಂದಿದ್ರು."

"ಮತ್ತೆ ಯಾವಾಗ ಉಂಡೆ?"

"ಮಧ್ಯಾಹ್ನ ಎಲ್ಲ ಮುಗಿದ್ಮೇಲೆ."

ಮೊರ ನಿಂತಿತು. "ಡಾಕ್ಟ್ರಿಗೆ ಹೇಳ್ದ್ಯಾ, ಉಪವಾಸ ಇದ್ದೆ ಅಂತ?"

"ಇಲ್ಲ."

"ಅವ್ರು ಕೇಳ್ಲಿಲ್ವಾ?"

"ಡಯಟಿಂಗ್ ಮಾಡ್ತಿದೀಯಾ ಅಂತ ಕೇಳಿದ್ರು. ಇಲ್ಲ ಅಂದೆ. ಡಯಟಿಂಗ್ ಅಲ್ವಲ್ಲ ಅದು." ಆಮೇಲೆ, ನಮ್ಮೆಲ್ಲರ ಮುಖ ನೋಡಿ, ಸಣ್ಣ ದನಿಯಲ್ಲಿ: "ನೀನೇ ಅಲ್ವಾ ಅಜ್ಜಿ ಹೇಳಿದ್ದು? ಉಪವಾಸ ಮಾಡಿದ್ದನ್ನ ಯಾರ ಹತ್ರನೂ ಹೇಳ್ಕಬಾರ್ದು, ಹೇಳ್ಕಂಡ್ರೆ ಫಲ ಇಲ್ಲ ಅಂತ?"

ಅಣ್ಣ ಮೊದಲು ನಕ್ಕ. ಆಮೇಲೆ ಅವನ ಕಣ್ಣು ತುಂಬಿತು. ಒಂದೂವರೆ ದಿನ ಏನೂ ತಿನ್ನದ ಮೈ ತನ್ನ ಕೊಬ್ಬನ್ನೇ ಉರಿಸಿಕೊಂಡಿತ್ತು, ಮೂತ್ರದಲ್ಲಿ ಕಂಡದ್ದು ಅದರ ಗುರುತು, ಅಷ್ಟೇ. ಅದನ್ನು ಒಂದು ಮಾತಿನಲ್ಲಿ ಹೇಳಿದ್ದರೆ ಇನ್ನೊಂದು ದಿನ ಬಾ ಎನ್ನುತ್ತಿದ್ದರೇನೋ. ದೊಡ್ಡಮ್ಮ, "ಎಂಥಾ ಪೆದ್ದಿ ಹುಟ್ತು ನಮ್ಮನೇಲಿ! ಡಾಕ್ಟ್ರ ಹತ್ರ ಹೇಳೋದು ಹೇಳ್ಕಳೋದಲ್ಲ" ಎಂದು ಬೈದರು ಎಂದು ನನ್ನ ನೆನಪು. ಅಜ್ಜಿ ಒಂದು ಮಾತೂ ಆಡಲಿಲ್ಲ, ಮೊರ ಎತ್ತಿಕೊಂಡು ಒಳಗೆ ಹೋದಳು ಎಂದು ಅವಳ ನೆನಪು. ಅಣ್ಣನನ್ನು ಕೇಳಿದರೆ, ಎರಡೂ ಆಗಿರಬೇಕು ಎನ್ನುತ್ತಾನೆ. ಅವನು ವ್ಯಾಪಾರಿ, ಎರಡು ಗಿರಾಕಿಗಳನ್ನೂ ಬಿಡುವುದಿಲ್ಲ.

ಮರುಪರೀಕ್ಷೆಯ ದಿನ ಗೊತ್ತಾದಾಗ ದೊಡ್ಡಮ್ಮ ಮಾಡಿದ ಮೊದಲ ಕೆಲಸ ಗೋಡೆಯ ಕ್ಯಾಲೆಂಡರ್ ನೋಡಿದ್ದು. ಅದರ ಹಿಂದಿನ ದಿನ ಚತುರ್ದಶಿ. ಅಷ್ಟಮಿ, ಚತುರ್ದಶಿಗಳಂದು ಅಜ್ಜಿ ಮೊಮ್ಮಗಳು ಇಬ್ಬರೂ ಉಪವಾಸವಿರುವುದು ವಾಡಿಕೆ. ಈ ಸಲ ಬಿಡಲೇ ಎಂದು ಅವಳು ಬಾಯಿಬಿಟ್ಟು ಕೇಳಲಿಲ್ಲ, ಕೇಳುವ ಜಾತಿಯವಳಲ್ಲ. ದೊಡ್ಡಮ್ಮನೇ ಹೇಳಿದರು.

"ಈ ಸಲ ನೀನು ಉಣ್ಣು. ನಿನ್ನ ಪಾಲಿಂದು ನಾನು ಮಾಡ್ತೀನಿ."

ಅಣ್ಣ ಸುಮ್ಮನಿರಲಾರದೆ, "ಅಮ್ಮಾ, ಉಪವಾಸ ಯಾರಾದ್ರೂ ಬದಲಿ ಮಾಡ್ತಾರಾ? ಎಲ್ಲಿದೆ ಹಂಗೆ?" ಎಂದ.

"ನೀನು ಅಂಗಡೀಲಿ ಹಳೇ ಪಾತ್ರೆ ತಗಂಡು ಹೊಸದು ಕೊಡಲ್ವಾ? ಸುಮ್ನಿರು."

ಚತುರ್ದಶಿಗೆ ತನ್ನದು, ಮಾರನೆಯ ದಿನ ಮೊಮ್ಮಗಳದು ಎಂದು ಆ ವಯಸ್ಸಿನಲ್ಲಿ ಎರಡು ದಿನ ಉಪವಾಸ ಕೂತರು. ಬಸ್ಸು ಹತ್ತುವ ಮುಂಚೆ, ಇನ್ನೂ ಬಿಸಿಲಿರುವಾಗಲೇ, ಮೊಮ್ಮಗಳಿಗೆ ಅಕ್ಕಿರೊಟ್ಟಿ, ಬೆಲ್ಲ, ತುಪ್ಪ ಎದುರು ಕೂತು ತಿನ್ನಿಸಿದರು. ಬೆಳಿಗ್ಗೆ ರಕ್ತ ಕೊಟ್ಟ ತಕ್ಷಣ ತಿನ್ನಲು ಇನ್ನಷ್ಟು ಕಟ್ಟಿಕೊಟ್ಟರು. ಬೆಳಗಿನಿಂದ ಫೋನ್ ಹಿಡಿದು, "ತಿಂದ್ಯಾ? ಎಷ್ಟ್ ತಿಂದೆ? ಇನ್ನೊಂದು ತಿನ್ನು" ಎಂದು ಒಂದೇ ಸಮನೆ ವಿಚಾರಿಸಿದರು, ತಮ್ಮ ಬಾಯಿಗೆ ಮಾತ್ರ ನೀರು ಬಿಟ್ಟರೆ ಏನೂ ಇಲ್ಲ. ಸಂಜೆ ಫಿಟ್ ಎಂದು ಸುದ್ದಿ ಬಂತು. ದೊಡ್ಡಮ್ಮ ಹಾಂ ಎಂದು ಫೋನಿಟ್ಟು, ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡರು.

ಹಾರಾಟದ ಶಾಲೆ ದೂರದ ಉತ್ತರದಲ್ಲಿ, ಬಯಲು ಸೀಮೆಯ ಒಂದು ಊರಿನಲ್ಲಿತ್ತು. ಅದಕ್ಕೆ ಹಣ ಹೇಗೆ ಹೊಂದಿತು ಎಂಬುದು ಅಣ್ಣನ ಮನೆಯ ವಿಷಯ, ಇಲ್ಲಿ ಬೇಡ. ಮೊದಲ ಬಾರಿ ಒಬ್ಬಳೇ ವಿಮಾನ ಹಾರಿಸಿ ಇಳಿದ ದಿನ ಅವಳು ವಿಡಿಯೋ ಕಾಲ್ ಮಾಡಿದಳು. ತಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಒಬ್ಬರೇ ಹಾರಿ ಬಂದವರ ಮೇಲೆ ಜೊತೆಯವರು ಬಕೆಟ್‌ಗಟ್ಟಲೆ ನೀರು ಸುರಿಯುವುದು ಅಲ್ಲಿಯ ಪದ್ಧತಿಯಂತೆ. ಹಿಂದೆ ಹುಡುಗರ ಗಲಾಟೆ. ದೊಡ್ಡಮ್ಮ ಫೋನನ್ನು ಮುಖದ ಹತ್ತಿರ ತಂದು, "ಸೋಸಿದ ನೀರಾ?" ಎಂದು ಕೇಳಿದರು. ಅವರ ಮನೆಯಲ್ಲಿ ಬಟ್ಟೆಯಲ್ಲಿ ಸೋಸದ ನೀರನ್ನು ಕೈಕಾಲಿಗೂ ಹಾಕುವುದಿಲ್ಲ. "ಇಲ್ಲ ಅಜ್ಜಿ, ಟ್ಯಾಂಕಿಂದು!" ಎಂದು ಅವಳು ಕಿರುಚಿ ನಕ್ಕಳು. ದೊಡ್ಡಮ್ಮನೂ ನಕ್ಕರು. ಫೋನಿಟ್ಟ ಮೇಲೆ, "ತಲೆ ಒರೆಸ್ಕ ಅನ್ನೋಕೆ ಮರೆತೆ" ಎಂದರು.

ಅಲ್ಲಿ ತರಬೇತಿಯ ವಿಮಾನಗಳು ಸೂರ್ಯ ಮುಳುಗುವುದರೊಳಗೆ ನೆಲ ಮುಟ್ಟಬೇಕು. ಉಳಿದ ಹುಡುಗರು ಮೇಲೆ ಹೋದ ಮೇಲೆ ಗಡಿಯಾರ ಮರೆತು ಬೈಸಿಕೊಳ್ಳುತ್ತಿದ್ದರು. ಇವಳಿಗೆ ಅದು ಹೊಸ ನಿಯಮವೇ ಅಲ್ಲ. ಒಮ್ಮೆ ದೂರದ ಊರಿಗೆ ಒಬ್ಬಳೇ ಹೋಗಿ ಮರಳುವಾಗ ಎದುರುಗಾಳಿ ಜೋರಾಯಿತು. ಸ್ವಲ್ಪ ನೂಕಿದರೆ ತಲುಪಬಹುದಿತ್ತು, ಕತ್ತಲಿನ ಅಂಚಿಗೆ. ಅವಳು ನೂಕಲಿಲ್ಲ. ನಡುವೆ ಇದ್ದ ಒಂದು ಸಣ್ಣ ನಿಲ್ದಾಣಕ್ಕೆ ಹೇಳಿ ಅಲ್ಲೇ ಇಳಿದಳು. ಗುರುಗಳು ಫೋನಿನಲ್ಲಿ ಬೈಯುತ್ತಾರೆಂದುಕೊಂಡಿದ್ದಳು. ಅವರು, ನೀನು ತಲುಪಿದ್ದರೆ ಬೈಯುತ್ತಿದ್ದೆ ಎಂದರಂತೆ. "ಇಳಿದು, ವಿಮಾನ ಕಟ್ಟಿಹಾಕಿ, ಡಬ್ಬಿ ಬಿಚ್ಚಿ ಹೊತ್ತಿನ ಮುಂಚೆ ಉಂಡೂ ಆಯ್ತು ಅತ್ತೆ" ಎಂದು ನನಗೆ ಸಂದೇಶ ಕಳಿಸಿದಳು. ಅಂದು ರಾತ್ರಿ ಅಲ್ಲಿಯ ಕಾವಲುಗಾರರ ಮನೆಯಲ್ಲಿ, ಅವರ ಹೆಂಡತಿಯ ಜೊತೆ ಮಲಗಿದಳಂತೆ.

ಲೈಸೆನ್ಸ್ ಬಂತು. ಕೆಲಸ ಬರಲಿಲ್ಲ. ಅದನ್ನು ಯಾರೂ ನಮಗೆ ಹೇಳಿರಲಿಲ್ಲ. ಎಲ್ಲ ಮುಗಿಸಿದ ಮೇಲೆಯೂ ಕರೆಗಾಗಿ ಕಾಯುವವರ ದೊಡ್ಡ ಸಾಲೇ ಇರುತ್ತದೆ. ಎರಡು ವರ್ಷಕ್ಕೆ ಹತ್ತಿರ ಅವಳು ಸಾಗರದಲ್ಲೇ ಇದ್ದಳು, ಮತ್ತೆ ಅಂಗಡಿಯಲ್ಲಿ. ಬೆಳಿಗ್ಗೆ ಪುಸ್ತಕ, ಆಮೇಲೆ ಗಲ್ಲಾಪೆಟ್ಟಿಗೆ. ಪೇಟೆಗೆ ಅವಳೊಂದು ತಮಾಷೆಯಾದಳು.

"ಏನ್ ಪೈಲಟಮ್ಮ, ಈ ಕುಕ್ಕರ್ ಹಾರ್ತದನಾ?"

"ಹಾರ್ತದೆ. ಮೂರು ಸೀಟಿ ಆದ್ಮೇಲೆ ಪರ್ಮಿಶನ್ ಕೇಳ್ಬೇಕು."

ಗಿರಾಕಿ ನಗುತ್ತಾ ಕುಕ್ಕರ್ ಕೊಂಡು ಹೋಗುತ್ತಿದ್ದರು. ನಾನು ಅಲ್ಲಿದ್ದ ಒಂದು ದಿನ, ಅವರು ಹೋದ ಮೇಲೆ ಅವಳು ಹಿಂದಿನ ಗೋದಾಮಿಗೆ ಹೋಗಿ ಬಹಳ ಹೊತ್ತು ಬರಲಿಲ್ಲ. ಅಳುತ್ತಿದ್ದಳೆಂದು ನಾನು ಅಂದುಕೊಂಡೆ. ಹೋಗಿ ನೋಡಿದರೆ ಎರಡು ಬೋಗುಣಿ ಮುಚ್ಚಳಗಳನ್ನು ಕೈಯಲ್ಲಿ ಸ್ಟಿಯರಿಂಗಿನಂತೆ ಹಿಡಿದು, ಕಣ್ಣು ಮುಚ್ಚಿ, ಇಳಿಯುವ ಕ್ರಮವನ್ನು ಬಾಯಲ್ಲಿ ಹೇಳಿಕೊಳ್ಳುತ್ತಿದ್ದಳು. "ಮರೀಬಾರ್ದಲ್ಲ ಅತ್ತೆ" ಎಂದಳು.

ಅದೇ ದಿನಗಳಲ್ಲಿ ತೀರ್ಥಹಳ್ಳಿಯ ಮಾವನ ಮನೆಯಲ್ಲಿ ಒಂದು ಸಂಬಂಧ ನೋಡಿದರು. ಒಳ್ಳೆಯ ಜನ, ನಮ್ಮವರೇ. ನಾನೂ ಹೋಗಿದ್ದೆ. ಹುಡುಗನ ತಾಯಿ ಕಾಫಿ ಲೋಟ ಕೆಳಗಿಟ್ಟು ನೇರವಾಗಿ ಕೇಳಿದರು.

"ರಾತ್ರಿ ಡ್ಯೂಟಿ ಇರ್ತದನಾ ಮಗಾ?"

"ಇರ್ತದೆ."

"ರಾತ್ರಿ ಊಟ ಮಾಡ್ತೀಯಾ?"

"ಮಾಡಲ್ಲ. ನಿಯಮ ಇದೆ."

"ಒಳ್ಳೇದೇ. ಆದ್ರೆ ಹಸ್ಕಂಡು ವಿಮಾನ ಹೆಂಗ್ ಓಡಿಸ್ತೀಯಾ? ಹಿಂದೆ ಅಷ್ಟು ಜನ ಕೂತಿರ್ತಾರಲ್ಲ."

ಕುಹಕವಿರಲಿಲ್ಲ ಆ ಮಾತಿನಲ್ಲಿ. ಆ ತಾಯಿಗೆ ನಿಜವಾಗಿ ಗೊತ್ತಾಗಬೇಕಿತ್ತು. ಸಂಬಂಧ ಬೇರೆ ಕಾರಣಕ್ಕೆ ಮುಂದುವರಿಯಲಿಲ್ಲ. ಆದರೆ ಹೊಸನಗರದ ದಾರಿಯಲ್ಲಿ ಸಾಗರಕ್ಕೆ ಮರಳುವಾಗ ಬಸ್ಸಿನಲ್ಲಿ ಅವಳು ಕಿಟಕಿಗೆ ಮುಖ ಮಾಡಿ ಕೂತವಳು ನನ್ನ ಕಡೆ ತಿರುಗಿ, "ಅವ್ರು ಕೇಳಿದ್ದು ಸರಿ ಇದೆ ಅತ್ತೆ" ಎಂದಳು. ಹಾರಾಟ ಬೇಕು, ಅಜ್ಜಿಯ ಮುಂದೆ ಎದ್ದು ನಿಂತು ಆಡಿದ ಮಾತೂ ಬೇಕು. ಎರಡನ್ನೂ ಒಂದೇ ಕೈಯಲ್ಲಿ ಹಿಡಿಯಲು ಬರುತ್ತದೆಯೇ? ಅಂದಿನಿಂದ ಅವಳ ತಲೆಯಲ್ಲಿದ್ದದ್ದು ಇದೊಂದೇ ಎಂದು ನನಗೆ ಈಗ ಅನ್ನಿಸುತ್ತದೆ.

ಕರೆ ಬಂದದ್ದು ಒಂದು ಸಾಧಾರಣ ಮಂಗಳವಾರ. ಇದು ನನ್ನ ದಿನಚರಿಯಲ್ಲಿದೆ, ದೊಡ್ಡ ಅಕ್ಷರದಲ್ಲಿ. ರೆಕ್ಕೆಗಳಲ್ಲಿ ದೊಡ್ಡ ಫ್ಯಾನುಗಳಿರುವ, ಸಣ್ಣ ಊರುಗಳಿಗೆ ಹೋಗುವ ವಿಮಾನ. ಇನ್ನಷ್ಟು ತಿಂಗಳ ತರಬೇತಿಯ ನಂತರ ಕ್ಯಾಪ್ಟನ್ ಪಕ್ಕದ ಸೀಟಿನಲ್ಲಿ, ಭುಜದ ಮೇಲೆ ಪಟ್ಟಿಗಳೊಂದಿಗೆ ಕೂತಳು. ಒಂದು ದಿನ ಶಿವಮೊಗ್ಗಕ್ಕೇ ಬರುವ ಸರದಿ ಸಿಕ್ಕಿತು. ನಾವೆಲ್ಲ ವ್ಯಾನ್ ಮಾಡಿಕೊಂಡು ಹೋಗಿ ನಿಲ್ದಾಣದ ಬೇಲಿಯ ಹೊರಗೆ ನಿಂತೆವು. ವಿಮಾನ ಸ್ವಲ್ಪ ಓರೆಯಾಗಿ ಬಂತು, ಗಾಳಿಗೆ ಮೂತಿ ಕೊಟ್ಟು. ಕೊನೆಯ ಗಳಿಗೆಯಲ್ಲಿ ನೇರವಾಗಿ ನೆಲ ಮುಟ್ಟಿತು. "ಲಾಂಚು" ಎಂದು ನಾನು ಅಂದೆ, ಯಾರಿಗೂ ಅರ್ಥವಾಗಲಿಲ್ಲ. ಮುಂದಿನ ಕಿಟಕಿಯಿಂದ ಅವಳು ಕೈ ಬೀಸಿದ್ದನ್ನು ನಾನು ನೋಡಿದೆ. ಅಣ್ಣ, ಅದು ಗಾಜಿಗೆ ಬಿಸಿಲು ಹೊಡೆದದ್ದು ಎನ್ನುತ್ತಾನೆ. ಅವಳನ್ನು ಕೇಳಿದರೆ, ಆ ಹೊತ್ತಿಗೆ ಕೈ ಬೀಸುವಷ್ಟು ಪುರುಸೊತ್ತು ಯಾರಿಗಿರುತ್ತದೆ ಎಂದು ನಕ್ಕಳು. ದೊಡ್ಡಮ್ಮ ಮಾತ್ರ, ನೋಡಿದೆ, ಬೀಸಿದಳು ಎಂದರು. ನಾನು ಅವರ ಪಕ್ಷ.

ಕೆಲಸಕ್ಕೆ ಸೇರಿದ ಮೊದಲ ತಿಂಗಳುಗಳಲ್ಲಿ ಅವಳು ಸಂಜೆಯ ಸರದಿಯಿದ್ದ ದಿನ ಹೊತ್ತಿಗೆ ಮುಂಚೆ ಉಂಡು, ಆಮೇಲೆ ಬರಿ ನೀರಿನಲ್ಲಿ ನಡೆಸಿದಳು. ನಡೆಯಿತು. ಒಂದು ದಿನ ಹವಾಮಾನ ಕೆಟ್ಟು, ವಿಮಾನ ತಡವಾಗಿ, ಕೊನೆಯ ಹಾರಾಟ ಮುಗಿಯುವ ಹೊತ್ತಿಗೆ ಬಹಳ ತಡವಾಯಿತು. ಎಲ್ಲ ಸರಿಯಾಗಿಯೇ ಇಳಿದರು. ಆದರೆ ಮೆಟ್ಟಿಲಿಳಿಯುವಾಗ ಅವಳಿಗೆ ತಲೆ ಹಗುರಾದಂತಾಗಿ ಕಂಬಿ ಹಿಡಿದುಕೊಂಡಳು. ಯಾರೂ ನೋಡಲಿಲ್ಲ. ಅವಳು ಮರುದಿನ ತಾನಾಗಿಯೇ ಕ್ಯಾಪ್ಟನ್‌ಗೆ ಹೇಳಿದಳು. ಹೇಳಿಕೊಳ್ಳಬೇಕಾದದ್ದು ಯಾವುದೆಂದು ಕಲಿತಿದ್ದಳು. ಅವರು, ನಿನ್ನ ನಂಬಿಕೆ ನಿನ್ನದು, ಆದರೆ ಹಸಿವಿನಲ್ಲಿ ನನ್ನ ಪಕ್ಕ ಕೂರಬೇಡ ಎಂದರು.

ಕಳೆದ ತಿಂಗಳು ಅವಳ ಧ್ವನಿ ಸಂದೇಶ ಬಂತು. ಮಾತಿನ ಹಿಂದೆ ಯಾವುದೋ ಹೋಟೆಲ್ ಕೋಣೆಯ ಟಿವಿ ಕೇಳುತ್ತಿತ್ತು.

"ಅತ್ತೆ, ನೀನು ಫಿಸಿಕ್ಸ್‌ನವಳು, ನಿಂಗೆ ಅರ್ಥ ಆಗ್ತದೆ. ಮೊನ್ನೆ ಸಂಜೆ ಪಶ್ಚಿಮಕ್ಕೆ ಹೋಗ್ತಿದ್ವಿ. ಕೆಳಗೆ ಊರುಗಳಲ್ಲೆಲ್ಲ ದೀಪ ಹತ್ತಿತ್ತು, ಕತ್ಲೆ ಕವಿದಿತ್ತು. ನಮ್ಮ ಎದ್ರಿಗೆ ಸೂರ್ಯ ಇನ್ನೂ ಇದ್ದ, ಕೆಂಪಗೆ. ನಾವು ಅವನ ಹಿಂದೇನೇ ಹೋಗ್ತಿದ್ವಿ. ಕ್ಯಾಪ್ಟನ್ ತಮ್ಮ ಊಟ ಮುಗ್ಸಿ, ಈಗ ನೀನು ಅಂತ ನನ್ನ ಡಬ್ಬಿ ಕೊಟ್ರು. ಉಂಡೆ ಅತ್ತೆ. ಸೂರ್ಯನ್ನ ನೋಡ್ತಾನೇ ಉಂಡೆ." ಟಿವಿಯ ಸದ್ದು ತಗ್ಗಿಸಿದಳು. "ನಂಗೆ ಗೊತ್ತು, ಎಲ್ಲಾ ದಿನ ಪಶ್ಚಿಮಕ್ಕೇ ಹೋಗಲ್ಲ. ವಾಪಸ್ ಬರುವಾಗ ಕತ್ಲೇನೆ ಎದ್ರಿಗೆ ಬರ್ತದೆ. ಹಸಿವಲ್ಲಿ ನಾನಿರ್ಬಹುದು, ಹಿಂದೆ ಕೂತವ್ರು ಯಾಕೆ ನನ್ನ ಹಸಿವನ್ನ ನಂಬ್ಕಂಡು ಕೂರ್ಬೇಕು? ಹಾರೋದು ಬಿಡಲ್ಲ. ಆದ್ರೆ ಅಜ್ಜಿಗೆ ಗೊತ್ತಿಲ್ದೆ ಒಂದು ತುತ್ತೂ ಬೇಡ. ನನ್ನ ಬಾಯಲ್ಲಿ ಕೇಳಕ್ಕೆ ಬರ್ತಿಲ್ಲ. ಡ್ಯೂಟಿ ದಿನ ಉಣ್ಬಹುದಾ ಅಂತ ನೀನು ಕೇಳ್ತೀಯಾ?"

ಮೇಲಕ್ಕೆ ಹೋದಷ್ಟೂ ದಿಗಂತ ಕೆಳಗಿಳಿಯುತ್ತದೆ, ಸೂರ್ಯ ಕೆಲವು ನಿಮಿಷ ತಡವಾಗಿ ಮುಳುಗುತ್ತಾನೆ. ಬೋರ್ಡಿನ ಮೇಲೆ ಒಂದು ವೃತ್ತ, ಒಂದು ಸ್ಪರ್ಶರೇಖೆ ಎಳೆದು ನಾನು ಇದನ್ನು ಯಾವ ಮಕ್ಕಳಿಗಾದರೂ ತೋರಿಸಬಲ್ಲೆ. ದೊಡ್ಡಮ್ಮನ ಎದುರು ಆ ರೇಖೆ ಎಳೆಯುವುದು ಹೇಗೆ ಎಂದು ಎರಡು ದಿನ ಯೋಚಿಸಿದೆ. ಮೂರನೆಯ ದಿನ ಸಂಜೆ, ಅವರ ಊಟವಾಗುವುದನ್ನೇ ಕಾಯುತ್ತಾ ಅಡುಗೆಮನೆಯ ಬಾಗಿಲಲ್ಲಿ ಕೂತೆ. ಅವರು ತಟ್ಟೆ ತೊಳೆದು ಕವುಚಿಟ್ಟು ಹಿತ್ತಿಲಿಗೆ ಬಂದರು. ಪಕ್ಕದ ಮನೆಯ ನೀರಿನ ಟ್ಯಾಂಕಿನ ಹಿಂದೆ ಸೂರ್ಯ ಆಗಲೇ ಇಳಿದಿದ್ದ. ಎಲ್ಲ ಹೇಳಿದೆ: ತಲೆ ತಿರುಗಿದ್ದು, ಕ್ಯಾಪ್ಟನ್ ಹೇಳಿದ್ದು, ಡಬ್ಬಿ, ಸೂರ್ಯ. ಒಂದನ್ನೂ ಬಿಡಲಿಲ್ಲ ಅಂದುಕೊಂಡಿದ್ದೇನೆ.

ಅವರು ಕೇಳಿಸಿಕೊಂಡರು. ಆಮೇಲೆ, "ಊಟ ಬಿಸಿ ಇತ್ತನಾ?" ಎಂದು ಕೇಳಿದರು.

ನನಗೆ ಗೊತ್ತಿರಲಿಲ್ಲ. ಕೇಳು ಎಂದರು. ಅವಳನ್ನು ಕೇಳಿದೆ, ಸುಮಾರಾಗಿ ಬಿಸಿಯಿತ್ತು ಎಂದಳು. ಅದನ್ನು ಹೋಗಿ ಹೇಳಿದೆ. ದೊಡ್ಡಮ್ಮ, "ಹ್ಞೂಂ" ಎಂದರು. ಮೊನ್ನೆ ಹೋದಾಗ ಹಿತ್ತಿಲಲ್ಲಿ ನಿಂತು, ಹೊತ್ತು ಮುಳುಗಿದ ಮೇಲೂ ಆಕಾಶದ ಮೇಲಿನ ಭಾಗವನ್ನೇ ನೋಡುತ್ತಿದ್ದರು. ಅಲ್ಲಿ ಒಂದು ಮೋಡದ ತುದಿಗೆ ಇನ್ನೂ ಬಿಸಿಲಿತ್ತು. ನಾನು ಬಂದದ್ದು ಗೊತ್ತಾಗಿ, ಚಹಾ ಕುಡೀತೀಯಾ ಎಂದರು. ನನಗೆ ರಾತ್ರಿಯ ನಿಯಮವಿಲ್ಲವೆಂದು ಅವರಿಗೆ ಗೊತ್ತು. ಮೊಮ್ಮಗಳ ಊಟದ ಮಾತಿಗೆ ಮಾತ್ರ ಆಗಲಿ ಎನ್ನಲಿಲ್ಲ. ಬೇಡವೆಂದೂ ಹೇಳಲಿಲ್ಲ. ಅವಳು ದಿನಕ್ಕೊಮ್ಮೆ, ಏನಂದ್ರು ಎಂದು ಸಂದೇಶ ಕಳಿಸುತ್ತಾಳೆ. ಇನ್ನೂ ಇಲ್ಲ ಎಂದು ನಾನು ಬರೆಯುತ್ತೇನೆ.

ನಾನು ಕೇಳಿದ್ದು ಯಾವ ಮಾತುಗಳಲ್ಲಿ ಎಂಬುದನ್ನಾದರೂ ಈ ಸಲ ಅಂದೇ ಬರೆದಿಟ್ಟಿದ್ದೇನೆ. "ದೊಡ್ಡಮ್ಮ, ಕೆಳಗೆ ನಮಗೆ ಕತ್ಲಾಗಿ, ಮೇಲೆ ಅವಳಿಗೆ ಇನ್ನೂ ಸೂರ್ಯ ಕಾಣ್ತಿದ್ರೆ, ಅವಳು ಯಾರ ಹೊತ್ತು ನೋಡಿ ಉಣ್ಬೇಕು?"